ಚರ್ಚಿನ ಯಜಮಾನಿಕೆ ಅರಸನ ಕೈಗೆ ಬಂದಾಗ
(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಒಬ್ಬ ಅರಸ ಧರ್ಮದ ಯಜಮಾನಿಕೆಯನ್ನು ತನ್ನ ಕೈಗೆ ತೆಗೆದುಕೊಂಡರೆ ಏನು ಬದಲಾಗುತ್ತದೆ, ಏನು ಹಾಗೆಯೇ ಉಳಿಯುತ್ತದೆ? ಇದನ್ನು ತಿಳಿಯಲು ನಾವು ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಳ್ವಿಕೆಯನ್ನು ನೋಡೋಣ.

ಹೆನ್ರಿ ಮೊದಲು ಪೋಪನ ಕಟ್ಟಾ ಅನುಯಾಯಿ. ಸುಧಾರಕನಾದ ಲೂಥರನನ್ನು ಖಂಡಿಸಿ ಪುಸ್ತಕ ಬರೆದು, 1521ರಲ್ಲಿ ಪೋಪನಿಂದಲೇ 'ಧರ್ಮರಕ್ಷಕ'ನೆಂಬ ಬಿರುದು ಪಡೆದವನು. ಆದರೆ ಅವನಿಗೆ ಪಟ್ಟಕ್ಕೆ ಗಂಡುಮಗ ಬೇಕಾಗಿತ್ತು. ರಾಣಿ ಕ್ಯಾಥರೀನಳೊಡನೆ ಆದ ಮದುವೆಯನ್ನು ರದ್ದುಮಾಡಲು ಪೋಪ್ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ರಾಣಿಯ ಅಕ್ಕನ ಮಗನೇ ಚಕ್ರವರ್ತಿ ಐದನೆಯ ಚಾರ್ಲ್ಸ್; ಅವನ ಸೈನ್ಯ 1527ರಲ್ಲಿ ರೋಮನ್ನೇ ಕೊಳ್ಳೆ ಹೊಡೆದಿತ್ತು. ಕೊನೆಗೆ 1534ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ಇಂಗ್ಲೆಂಡಿನ ಚರ್ಚಿಗೆ ಅರಸನೇ ಪರಮಾಧಿಪತಿ ಎಂದು ಸಾರಿತು.

ಇದಾದ ಮೇಲೆ ಭಾನುವಾರ ಚರ್ಚಿಗೆ ಹೋದ ನೇಕಾರನಿಗೆ ಕಂಡದ್ದೇನು? ಅದೇ ಲ್ಯಾಟಿನ್ ಪೂಜೆ, ಬಹುಮಟ್ಟಿಗೆ ಅದೇ ಪಾದ್ರಿ. ಪೂಜೆಯ ಪುಸ್ತಕದಲ್ಲಿ ಪೋಪನ ಹೆಸರು ಮಾತ್ರ ಅಳಿಸಿಹೋಯಿತು. ಪಾದ್ರಿಗಳು ಮದುವೆಯಾಗಕೂಡದೆಂಬ ಹಳೆಯ ಕಟ್ಟಳೆಯನ್ನು 1539ರ ಕಾನೂನು ಮತ್ತೆ ಬಿಗಿಮಾಡಿತು. ಬೆಳೆಯ ಹತ್ತರಲ್ಲೊಂದು ಪಾಲನ್ನು ರೈತ ಎಂದಿನಂತೆ ತೆರುತ್ತಲೇ ಇದ್ದ. ಯಾವ ದೊರೆ ಬಂದರೂ ರಾಗಿ ಬೀಸುವುದು ತಪ್ಪದು!

ಹಾಗಾದರೆ ಬದಲಾದದ್ದೇನು? ಪೋಪನಿಗೆ ಹೋಗುತ್ತಿದ್ದ ಕಾಣಿಕೆ ಅರಸನ ಬೊಕ್ಕಸಕ್ಕೆ ತಿರುಗಿತು. 1536ರಿಂದ 1540ರೊಳಗೆ ಸುಮಾರು 800 ಕ್ರೈಸ್ತ ಮಠಗಳನ್ನು ಮುಚ್ಚಲಾಯಿತು. ಚಾವಣಿಯ ಸೀಸವನ್ನೂ ಬಿಡದೆ ಕಿತ್ತೊಯ್ದರು. ಆ ಮಠಗಳೂ ದೊಡ್ಡ ಭೂಮಾಲಿಕರೇ, ಅದನ್ನು ಮರೆಮಾಚಬೇಕಿಲ್ಲ. ಆದರೆ ಅವುಗಳ ಜಮೀನು ಉಳುವವನಿಗೆ ದಕ್ಕಲಿಲ್ಲ. ಯುದ್ಧದ ಖರ್ಚಿಗೆಂದು ಅರಸ ಅದರ ಬಹುಪಾಲನ್ನು ಮಾರಿದ, ಕೊಂಡವರು ಸಿರಿವಂತರು. ಮಠದ ಬಾಗಿಲಲ್ಲಿ ಸಿಗುತ್ತಿದ್ದ ತುತ್ತು ಅನ್ನ ಮಾತ್ರ ಬಡವನಿಗೆ ತಪ್ಪಿತು.

1536ರಲ್ಲಿ ಉತ್ತರದ ಸಾವಿರಾರು ಜನ ಇದರ ವಿರುದ್ಧ ಎದ್ದರು. ಅರಸನ ಕಡೆಯಿಂದ ಕ್ಷಮೆಯ ಭರವಸೆ ಬಂತು; ನಂಬಿ ಮನೆಗೆ ಮರಳಿದರು. ಮರುವರ್ಷ ಮತ್ತೆ ಗಲಭೆಯಾಯಿತೆಂಬುದೇ ನೆಪವಾಗಿ, ಅವರ ನಾಯಕ ರಾಬರ್ಟ್ ಆಸ್ಕ್‌ನನ್ನು ಯಾರ್ಕ್ ನಗರದಲ್ಲಿ ಗಲ್ಲಿಗೇರಿಸಲಾಯಿತು. 1540ರ ಜುಲೈ 30ರಂದು ಲಂಡನ್ನಿನಲ್ಲಿ ಒಂದೇ ದಿನ, ಹೊಸ ಮತ ಬೋಧಿಸಿದ ಮೂವರನ್ನು ಸುಟ್ಟರು. ಪೋಪನಿಗೆ ನಿಷ್ಠರಾದ ಮೂವರನ್ನು ನೇಣಿಗೆ ಹಾಕಿ ಸೀಳಿದರು. ಅಪರಾಧ ಯಾವುದೆಂಬುದನ್ನು ನಿರ್ಧರಿಸುವವನು ಅರಸನೊಬ್ಬನೇ ಆಗಿದ್ದ.

ಒಂದು ಒಳ್ಳೆಯ ಕೆಲಸವೂ ಆಯಿತು. ಇಂಗ್ಲಿಷ್ ಬೈಬಲನ್ನು ಚರ್ಚುಗಳಲ್ಲಿ ಇಡಬೇಕೆಂದು ಆಜ್ಞೆ ಹೊರಟಿತು. ಜನ ತಮ್ಮ ಮಾತಿನಲ್ಲಿ ಓದತೊಡಗಿದರು, ಓದಿ ವಾದಿಸತೊಡಗಿದರು. ಆಗ ಅರಸನಿಗೆ ದಿಗಿಲಾಯಿತು. ಕುಶಲಕರ್ಮಿಗಳು, ಕೂಲಿಗಳು, ಬೇಸಾಯಗಾರರು, ಸಾಮಾನ್ಯ ಹೆಂಗಸರು ಅದನ್ನು ಓದಕೂಡದೆಂದು 1543ರಲ್ಲಿ ಕಾನೂನೇ ಬಂತು!

1547ರಲ್ಲಿ ಹೆನ್ರಿ ಸತ್ತ. ಆ ಕಾನೂನು ಅದೇ ವರ್ಷ ರದ್ದಾಯಿತು. ಇಂಗ್ಲಿಷ್ ಪ್ರಾರ್ಥನಾ ಪುಸ್ತಕ 1549ರಲ್ಲಿ ಬಂತು. ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದ ಮಠಗಳನ್ನು ಮುಚ್ಚಿಸಿದವನು, ತನ್ನ ಆತ್ಮಕ್ಕೆ ಮಾತ್ರ ಹಳೆಯ ಪದ್ಧತಿಯ ಪೂಜೆ ನಡೆಯಲೆಂದು ಉಯಿಲಿನಲ್ಲಿ ಬರೆಸಿದ್ದ.

ಸಂಗಾತಿಗಳೇ, ಧರ್ಮವನ್ನು ಉದ್ಧರಿಸುತ್ತೇನೆಂದು ಆಳುವವನು ಹೊರಟಾಗ ನಾವು ಕೇಳಬೇಕಾದ ಪ್ರಶ್ನೆ ಎರಡೇ: ಜಮೀನು ಯಾರ ಪಾಲಾಯಿತು? ಪುಸ್ತಕ ಯಾರ ಕೈಗೆ ಸಿಕ್ಕಿತು?