ಬಂದವ್ನೆ, ಕೊಟ್ಟವ್ನೆ, ಮಾಡವ್ನೆ



ತುಮಕೂರು ಜಿಲ್ಲೆಯ ಗುಬ್ಬಿ ಬಸ್ ನಿಲ್ದಾಣದಲ್ಲಿ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: “ಅಣ್ಣ ಬಂದವ್ನೆ, ದುಡ್ಡೂ ಕೊಟ್ಟವ್ನೆ, ಊಟಾನೂ ಮಾಡವ್ನೆ.” ಬಂದು, ಕೊಟ್ಟು, ಮಾಡಿ ಎಂಬ ರೂಪಗಳಿಗೆ ‘ಅವನೆ’ ಬೆರೆತು ಹುಟ್ಟಿದ ಮಾತುಗಳಿವು. ಬರು, ಕೊಡು, ಮಾಡು ಮೂರೂ ಉಕಾರದಲ್ಲೇ ಮುಗಿಯುವ ಧಾತುಗಳು. ಬರುತ್ತಾನೆ, ಕೊಡುತ್ತಾನೆ, ಮಾಡುತ್ತಾನೆ ಎನ್ನುವಾಗ ಅವುಗಳಲ್ಲಿ ಭೇದವೇ ಕಾಣದು. ಭೂತಕಾಲಕ್ಕೆ ಬಂದೊಡನೆ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತದೆ. ಕನ್ನಡದ ಧಾತು ಯಾವ ಗುಂಪಿನದೆಂದು ತಿಳಿಯಬೇಕಾದರೆ ಅದರ ಭೂತಕಾಲವನ್ನೇ ಕೇಳಬೇಕು.

ತಮಿಳಿನಲ್ಲಿ ಗುಂಪಿನ ಗುರುತು ಮೂರು ಕಾಲಗಳಲ್ಲೂ ಕಾಣುತ್ತದೆ. ಸೆಯ್ ಎಂದರೆ ಮಾಡು: ಸೆಯ್ಗಿರಾನ್, ಸೆಯ್ದಾನ್, ಸೆಯ್ವಾನ್. ಪಡಿ ಎಂದರೆ ಓದು: ಪಡಿಕ್ಕಿರಾನ್, ಪಡಿತ್ತಾನ್, ಪಡಿಪ್ಪಾನ್. ಮೊದಲನೆಯದು ದುರ್ಬಲ ಧಾತು, ಒತ್ತಕ್ಷರ ಬರುವ ಎರಡನೆಯದು ಪ್ರಬಲ ಧಾತು. ಜರ್ಮನ್ ವಿದ್ವಾಂಸ ಕಾರ್ಲ್ ಗ್ರೌಲ್ 1855ರ ತನ್ನ ತಮಿಳು ವ್ಯಾಕರಣದಲ್ಲಿ ಧಾತುಗಳನ್ನು ಹೀಗೆ ವರ್ಗ ಮಾಡಿದ. ಈ ಭೇದದಿಂದ ಅರ್ಥವೂ ಬದಲಾಗುವುದುಂಟು. ಪಿರಿಂದಾನ್ ಎಂದರೆ ತಾನೇ ಅಗಲಿದ, ಪಿರಿತ್ತಾನ್ ಎಂದರೆ ಬೇರ್ಪಡಿಸಿದ. ಇಂಥ ಕಡೆ ನಾವು ಸಾಮಾನ್ಯವಾಗಿ ‘ಇಸು’ ಹಚ್ಚುತ್ತೇವೆ: ಓಡು, ಓಡಿಸು.

ಕುಣಿಗಲ್ ಕಡೆಯ ರೈತರು ಪೈರು ನೆಟ್ಟೆ, ನೀರು ಬಿಟ್ಟೆ ಎನ್ನುತ್ತಾರೆ. ಅದೇ ಬಾಯಲ್ಲಿ ನೋಡಿದೆ, ಹಾಡಿದೆ ಎಂದೂ ಬರುತ್ತದೆ. ನೆಡಿದೆ, ಬಿಡಿದೆ ಎಂದು ಏಕೆ ಬರಲಿಲ್ಲ? ನೆಡು, ಬಿಡು, ಕೊಡು, ಇಡು, ಸುಡು, ಉಡು, ಇವೆಲ್ಲ ಎರಡೇ ಅಕ್ಷರದವು, ಮೊದಲ ಅಕ್ಷರ ಹ್ರಸ್ವ. ಅಲ್ಲಿ ಡಕಾರ ಗಟ್ಟಿಯಾಗಿ ಒತ್ತು ಟಕಾರವಾಗುತ್ತದೆ. ನಗು ನಕ್ಕದ್ದೂ ಹೊಗು ಹೊಕ್ಕದ್ದೂ ಈ ಕಟ್ಟಳೆಯಿಂದಲೇ. ಮೊದಲ ಅಕ್ಷರ ದೀರ್ಘವಾದರೆ ಓಡಿ, ಹಾಡಿ, ಕೂಡಿ. ತಮಿಳಲ್ಲೂ ವಿಡು ವಿಟ್ಟಾನ್ ಆಗುತ್ತದೆ, ಪಾಡು ಪಾಡಿನಾನ್ ಆಗುತ್ತದೆ. ಎರಡು ಭಾಷೆಗಳು ಬೇರೆಯಾಗುವ ಮೊದಲೇ ಇದ್ದ ಕಟ್ಟಳೆ ಇದು. ಇದನ್ನು ‘ಅಪವಾದ’ ಎಂದು ಕರೆಯುವುದು ಸರಿಯಲ್ಲ.

ಇನ್ನೊಂದು ಒಗಟು: ಕೇಳು ಕೇಳಿದ ಆಯಿತು, ಏಳು ಮಾತ್ರ ಎದ್ದ ಏಕಾಯಿತು? ಇಂದು ಎರಡರಲ್ಲೂ ಒಂದೇ ಳಕಾರ. ಹಳಗನ್ನಡದಲ್ಲಿ ಏೞ್ ಎಂಬುದರ ಕೊನೆಗೆ ಬೇರೆಯೇ ಧ್ವನಿಯಿತ್ತು. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ನಾಲಗೆ ಮಡಿಸಿ ನುಡಿಯುತ್ತಾರಲ್ಲ, ಅದೇ ಧ್ವನಿ. ಎೞ್ದು ಸವೆದು ಎದ್ದು ಆಯಿತು, ಬಿೞ್ದು ಬಿದ್ದು ಆಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವಿರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಅಕ್ಷರ ಹೋಯಿತು, ಅದು ಮಾಡಿದ ಗುಂಪು ನಮ್ಮ ನಾಲಗೆಯ ಮೇಲೆ ಉಳಿಯಿತು.

‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ. ಶ್ರೀಕಂಠಯ್ಯನವರು ಇದೇ ತುಮಕೂರು ಜಿಲ್ಲೆಯ ತೀರ್ಥಪುರದವರು. ಅವರ ಜಿಲ್ಲೆಯ ಮಕ್ಕಳಿಗೆ ವ್ಯಾಕರಣ ಬರಿಯ ಬಾಯಿಪಾಠವಾಗಬಾರದು. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯಲ್ಲಿ ಆಡುವ ಬಂದವ್ನೆ, ಕೊಟ್ಟವ್ನೆ, ಮಾಡವ್ನೆಗಳನ್ನು ಮಕ್ಕಳಿಂದಲೇ ಬರೆಸಿ, ಗುಂಪು ಮಾಡಿಸಿ, ನಿಯಮವನ್ನು ಅವರೇ ಕಂಡುಕೊಳ್ಳಲು ಬಿಡಿ. ಆ ಮಾತು ತಪ್ಪೆಂದು ಮಾತ್ರ ಗದರಬೇಡಿ.