ನೋಡುತ್ತ ನಿಂತವರು: ಶಾಲೆಯ ಕಾಟ, ಮೊಬೈಲಿನ ಕಾಟ ಮತ್ತು ಶಿಕ್ಷಕರು



ಮಕ್ಕಳು ಮಕ್ಕಳಿಗೇ ಕೊಡುವ ಕಾಟವನ್ನು ಶಿಕ್ಷಕರಾದ ನಾವು ಬಹುಕಾಲ ಹುಡುಗಾಟವೆಂದೇ ಎಣಿಸಿದೆವು. ‘ಮಕ್ಕಳು ಅಂದಮೇಲೆ ಇದ್ದದ್ದೇ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಕೇಳಿಬರುತ್ತದೆ. ಆ ಉದಾಸೀನ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಾರ್ವೆ 1982ರ ಕೊನೆಯಲ್ಲಿ ಕಂಡಿತು. ಆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಜೊತೆಯ ಮಕ್ಕಳ ಪೀಡನೆಯೇ ಕಾರಣವಿರಬೇಕೆಂದು ತಿಳಿದಾಗ ನಾಡಿಗೆ ನಾಡೇ ತಲ್ಲಣಿಸಿತು. ಮರುವರ್ಷವೇ ಸರ್ಕಾರ ಶಾಲೆಗಳಲ್ಲಿ ಆಂದೋಲನ ಹೂಡಿತು. ಬರ್ಗೆನ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಡಾನ್ ಒಲ್ವೆಯಸ್ ಸುಮಾರು 2,500 ವಿದ್ಯಾರ್ಥಿಗಳ ನಡುವೆ ಅಧ್ಯಯನ ನಡೆಸಿ, ಶಾಲೆ ಮನಸ್ಸು ಮಾಡಿದರೆ ಕಾಟ ಅರ್ಧದಷ್ಟು ಇಳಿಯುತ್ತದೆಂದು ತೋರಿಸಿದರು. ಅವರು ಮಾಡಿಸಿದ್ದರಲ್ಲಿ ದುಬಾರಿಯಾದದ್ದೇನೂ ಇಲ್ಲ. ಬಿಡುವಿನ ವೇಳೆ ದೊಡ್ಡವರು ಅಂಗಳದಲ್ಲಿ ಇರುವುದು, ನಿಯಮಗಳನ್ನು ತರಗತಿಯಲ್ಲೇ ಮಾತಾಡಿ ಗೊತ್ತುಮಾಡುವುದು, ಎರಡೂ ಕಡೆಯ ಪೋಷಕರನ್ನು ಕರೆದು ಗಂಭೀರವಾಗಿ ಮಾತಾಡುವುದು.

ಜಗಳ ಬೇರೆ, ಕಾಟ ಬೇರೆ ಎಂಬುದನ್ನೂ ಒಲ್ವೆಯಸ್ ಬಿಡಿಸಿ ಹೇಳಿದರು. ಸಮಬಲದ ಇಬ್ಬರು ಕೈಕೈ ಮಿಲಾಯಿಸಿದರೆ ಅದು ಜಗಳ. ಬಲ ಕಡಿಮೆಯಿರುವ ಮಗುವನ್ನು ಬೇಕೆಂದೇ, ಮತ್ತೆ ಮತ್ತೆ ನೋಯಿಸಿದರೆ ಕಾಟ. ಹಾಗಾಗಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಕೈ ಕುಲುಕಿ, ರಾಜಿಯಾಗಿ’ ಅನ್ನುವ ನಮ್ಮ ಹಳೆಯ ಪದ್ಧತಿ ಇಲ್ಲಿ ಸಲ್ಲದು. ಪೆಟ್ಟು ತಿಂದ ಮಗು ಹೊಡೆದವನ ಎದುರು ನಿಂತು ನಿಜ ಹೇಳುವುದಿಲ್ಲ. ಹೇಳಿದರೆ ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಏನು ಕಾದಿದೆ ಎಂಬುದು ಅದಕ್ಕೆ ಗೊತ್ತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು. ಕೆನಡಾದ ಸಂಶೋಧಕರು ಟೊರಾಂಟೊ ಶಾಲೆಗಳ ಆಟದ ಬಯಲಿನಲ್ಲಿ ನಡೆದದ್ದನ್ನು ಚಿತ್ರೀಕರಿಸಿ, 2001ರಲ್ಲಿ ಅದರ ವರದಿ ಪ್ರಕಟಿಸಿದರು. ಕಾಟದ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ನೋಡುತ್ತ ನಿಂತಿದ್ದರು. ಅವರು ನಡುವೆ ಬಂದದ್ದು ನೂರಕ್ಕೆ 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು. ಹತ್ತೇ ಸೆಕೆಂಡು! ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಈ ನೋಡುಗರನ್ನೇ ಅಧ್ಯಯನ ಮಾಡಿದವರು. ಜೊತೆಗೆ ಕೈಹಾಕುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ಸರಿಯುವವರು, ಅಪರೂಪಕ್ಕೆ ಅಡ್ಡ ನಿಲ್ಲುವವರು ಎಂದು ಅವರು ಗುರುತಿಸಿದರು. ಕಾಟ ಕೊಡುವವನಿಗೆ ಬೇಕಾದದ್ದು ಈ ನಗು. ಅದು ಸಿಗದಿದ್ದರೆ ಅವನ ಹುಮ್ಮಸ್ಸು ಇಳಿಯುತ್ತದೆ. ಈ ತಿಳಿವಳಿಕೆಯ ಮೇಲೆ ಕಟ್ಟಿದ ‘ಕಿವಾ’ ಕಾರ್ಯಕ್ರಮ 2009ರಿಂದ ಫಿನ್ಲೆಂಡಿನಾದ್ಯಂತ ಶಾಲೆಗಳಿಗೆ ಹರಡಿತು. ಅಲ್ಲಿ ಬಿಡುವಿನ ವೇಳೆ ಮೇಲ್ವಿಚಾರಣೆಗೆ ನಿಲ್ಲುವ ಶಿಕ್ಷಕರು ದೂರಕ್ಕೂ ಎದ್ದು ಕಾಣುವ ಬಣ್ಣದ ಮೇಲಂಗಿ ತೊಡುತ್ತಾರೆ. ನೊಂದ ಮಗುವಿನ ಜೊತೆ ನಿಲ್ಲುವಂತೆ, ತರಗತಿಯಲ್ಲಿ ನಾಲ್ಕು ಜನ ಮಾತು ಕೇಳುವಂಥ ಮಕ್ಕಳನ್ನೇ ಆರಿಸಿ ಕೋರುತ್ತಾರೆ.

ಹಾಗಾದರೆ ತರಗತಿಯ ಅತಿ ದೊಡ್ಡ ನೋಡುಗ ಯಾರು? ನಾವೇ. ‘ಕರಿಯ’, ‘ಡುಮ್ಮಿ’, ‘ಸೋಡಾಬುಡ್ಡಿ’ ಎಂದು ಒಬ್ಬ ಕೂಗಿದಾಗ ಮೇಷ್ಟ್ರ ತುಟಿಯಂಚಿನಲ್ಲಿ ನಗು ಮೂಡಿದರೆ ಆ ಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಹೋಗುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆಂದು ಜಾತಿಯ ಹೆಸರು ಹಿಡಿದು ಮಕ್ಕಳನ್ನು ಎದ್ದು ನಿಲ್ಲಿಸುವುದು ಇನ್ನೂ ಕ್ರೂರ. ಯಾರನ್ನು ಹಂಗಿಸಬಹುದು ಎಂದು ಉಳಿದವರಿಗೆ ನಾವೇ ತೋರಿಸಿಕೊಟ್ಟಂತೆ. ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಅಧಿಕಾರವನ್ನು ವರ್ಷಪೂರ್ತಿ ಒಬ್ಬನೇ ಲೀಡರಿಗೆ ಕೊಡುವುದನ್ನೂ ನಾನು ಒಪ್ಪುವುದಿಲ್ಲ. ಮಗುವಿಗೆ ಮಾನಸಿಕ ಕಿರುಕುಳ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಅದು ಮೊದಲು ಶಾಲೆಯ ದೊಡ್ಡವರಿಗೆ ಹೇಳಿದ ಮಾತು.

ಇನ್ನು ಮೊಬೈಲಿನ ಕಾಟ. ಅದಕ್ಕೆ ಶಾಲೆ ಬಿಡುವ ಗಂಟೆ ಹೊಡೆಯುವುದಿಲ್ಲ, ಮನೆಯ ಬಾಗಿಲೂ ಅಡ್ಡವಲ್ಲ. ಒಂದು ಮಗುವಿನ ಫೋಟೋವನ್ನು ಸ್ಟಿಕರ್ ಮಾಡಿ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ರಾತ್ರಿ ಊಟದ ಹೊತ್ತಿಗೆ ಅದು ಬೇರೆ ಶಾಲೆ ಮುಟ್ಟಿರುತ್ತದೆ. ಫಾರ್ವರ್ಡ್ ಮಾಡಿದವರೆಲ್ಲ ಅಲ್ಲಿ ನಕ್ಕ ನೋಡುಗರೇ. ‘ಶಾಲೆಯ ಹೊರಗೆ ನಡೆದದ್ದು’ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಆ ಮಗು ಬೆಳಿಗ್ಗೆ ಕೂರಬೇಕಾದದ್ದು ಅದೇ ನಕ್ಕವರ ನಡುವೆ. ಬಹಳ ಮಕ್ಕಳು ಇದನ್ನು ಹೇಳದಿರುವುದಕ್ಕೆ ಒಂದು ಕಾರಣ, ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆಂಬ ಭಯ. ಆದ್ದರಿಂದ ಮೊದಲ ಮಾತು ಇದಾಗಿರಲಿ: ‘ನೀನು ಹೇಳಿದ್ದು ಒಳ್ಳೆಯದಾಯಿತು. ತಪ್ಪು ನಿನ್ನದಲ್ಲ, ನಿನ್ನ ಫೋನಿಗೆ ಯಾರೂ ಕೈಹಾಕುವುದಿಲ್ಲ.’ ಪೋಷಕರಿಗೂ ಇದನ್ನು ಒಪ್ಪಿಸುವ ಹೊಣೆ ನಮ್ಮದೇ. ಸಿಟ್ಟಿನಲ್ಲಿ ಮಗು ಸಂದೇಶ ಅಳಿಸುವ ಮೊದಲು ದಿನಾಂಕ, ಸಮಯ, ಕಳಿಸಿದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿಸಿ. ಮರುಬೈಗುಳ ಬೇಡ. ಬ್ಲಾಕ್ ಮಾಡುವುದು, ರಿಪೋರ್ಟ್ ಮಾಡುವುದು ಆಮೇಲೆ.

ಆದರೆ ಚಿತ್ರ ನಗ್ನವಾಗಿದ್ದರೆ ಅಥವಾ ಲೈಂಗಿಕವಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆಯಲೇಬಾರದು. ‘ಸಾಕ್ಷಿಗೆ ಇರಲಿ’ ಎಂದು ಸ್ಟಾಫ್ ಗ್ರೂಪಿಗೆ ಹಾಕುವುದಂತೂ ಕೂಡದು. ಮಕ್ಕಳ ಅಂಥ ಚಿತ್ರ ಸಂಗ್ರಹಿಸುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. 2012ರ ಪೋಕ್ಸೊ ಕಾಯ್ದೆಯಡಿ ಅಂಥ ಅಪರಾಧ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಶಾಲೆಯ ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ಬರೆಸಿದರೆ ಸಾಲದು, ಅಲ್ಲಿಗೆ ಕರೆ ಮಾಡಿ ಏನು ಹೇಳಬೇಕೆಂದು ಮಕ್ಕಳಿಗೆ ಕಲಿಸಿಯೂ ಇರಬೇಕು.

ಕೊನೆಗೆ, ಕಾಟ ಕೊಟ್ಟ ಮಗು. ಅದನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಅವಮಾನಿಸಿದರೆ ಬಲವಿದ್ದವರು ಬಲವಿಲ್ಲದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಮತ್ತೊಂದು ಪಾಠ ಹೇಳಿದ ಹಾಗಾಗುತ್ತದೆ. ಕಾಟ ಕೊಟ್ಟವರು ಹಲವರಿದ್ದರೆ ಒಬ್ಬೊಬ್ಬರನ್ನೇ, ಬೇರೆ ಬೇರೆಯಾಗಿ, ಅದೇ ದಿನ ಕರೆಯಿರಿ. ಗುಂಪಾಗಿ ಕರೆದರೆ ಒಬ್ಬರ ಮುಖ ಒಬ್ಬರು ನೋಡಿ ಗಟ್ಟಿಯಾಗುತ್ತಾರೆ. ನಡೆದದ್ದು ನಮಗೆ ಗೊತ್ತಿದೆ, ಇವತ್ತಿಗೆ ನಿಲ್ಲಬೇಕು ಎಂದು ಶಾಂತವಾಗಿ ಹೇಳಿ, ‘ನಾಳೆಯಿಂದ ನೀನೇನು ಮಾಡುತ್ತೀಯ?’ ಎಂದು ಅವನ ಬಾಯಿಂದಲೇ ಹೇಳಿಸಿ ಬರೆದಿಟ್ಟುಕೊಳ್ಳಿ. ಎರಡು ವಾರ ಕಳೆದ ಮೇಲೆ ನೊಂದ ಮಗುವನ್ನು ಏಕಾಂತದಲ್ಲಿ ಕೇಳಿ. ಕಾಟ ನಿಂತಿಲ್ಲವೆಂದರೆ ಮುಖ್ಯೋಪಾಧ್ಯಾಯರು, ಪೋಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಒಟ್ಟಾಗಿ ಕೂರಲಿ. ನಿಂತಿದೆ ಎಂದರೂ ತಿಂಗಳ ನಂತರ ಮತ್ತೊಮ್ಮೆ ಕೇಳಿ.