ಕೊಟ್ಟ ಮಾತಿನಷ್ಟೇ ಹೊಣೆ



ಬಿಳಿಗೆರೆಯ ಸುತ್ತಮುತ್ತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಅದರ ಗಾತ್ರ, ಬಣ್ಣ, ಒಣಗಿದ ಹದ ನೋಡುತ್ತಾರೆ. ಅಟ್ಟ ಯಾವ ಬಗೆಯದೆಂದು ಕೇಳುವುದಿಲ್ಲ. ಹಾಗಾಗಿ ರೈತ ಅಟ್ಟವನ್ನು ಬದಲಾಯಿಸಿದರೂ ವ್ಯಾಪಾರಕ್ಕೆ ತೊಡಕಿಲ್ಲ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರೂ ಇಂಥದೇ ಜಾಣತನವನ್ನು ರೂಢಿಸಿಕೊಂಡಿದ್ದಾರೆ.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1995ರಲ್ಲಿ ಹೊರತಂದ ಜಾವಾ ಭಾಷೆಯನ್ನು ತೆಗೆದುಕೊಳ್ಳೋಣ. 1998ರಲ್ಲಿ ಬಂದ ಅದರ 1.2ನೇ ಆವೃತ್ತಿಯಲ್ಲಿ 'ಲಿಸ್ಟ್' ಎಂಬ ಇಂಟರ್‌ಫೇಸ್ ಸೇರಿತು. ಇಂಟರ್‌ಫೇಸ್ ಎಂದರೆ ಒಂದು ಕರಾರು. ಎಷ್ಟು ಅಂಶಗಳಿವೆ, ಐದನೆಯದು ಯಾವುದು ಎಂದು ಕೇಳಬಹುದು ಎಂದಷ್ಟೇ ಅದು ಹೇಳುತ್ತದೆ. ಒಳಗೆ ಹೇಗೆ ಜೋಡಿಸಿದೆ ಎಂದು ಹೇಳುವುದಿಲ್ಲ. 'ಅರೇಲಿಸ್ಟ್' ಅಂಶಗಳನ್ನು ಸಾಲಾಗಿ ಇಡುತ್ತದೆ. 'ಲಿಂಕ್ಡ್‌ಲಿಸ್ಟ್' ಒಂದಕ್ಕೊಂದು ಕೊಂಡಿ ಹಾಕಿ ಪೋಣಿಸುತ್ತದೆ. ಎರಡೂ ಲಿಸ್ಟ್ ಎಂಬ ಕರಾರನ್ನು ಪಾಲಿಸುತ್ತವೆ.

ಈಗ, ದಿನದ ಕೊಬ್ಬರಿ ಲಾಟುಗಳ ಪಟ್ಟಿ ಕೊಡುವ ಒಂದು ಮೆಥಡ್ ಇದೆ ಎಂದಿಟ್ಟುಕೊಳ್ಳಿ. ತೂಕದ ಚೀಟಿ, ಹಣ ಪಾವತಿ, ದರಫಲಕ – ಈ ಮೂರೂ ವಿಭಾಗಗಳು ಅದನ್ನೇ ಕರೆಯುತ್ತವೆ. ಮೆಥಡ್ 'ಅರೇಲಿಸ್ಟ್ ಕೊಡುತ್ತೇನೆ' ಎಂದು ಘೋಷಿಸಿದರೆ ಮೂರು ಕಡೆಯೂ ಅದೇ ಹೆಸರು ಬೇರೂರುತ್ತದೆ. ಆಮೇಲೆ ಒಂದು ಅಪಾಯ ಗೋಚರಿಸುತ್ತದೆ: ದರಫಲಕದ ಪ್ರೋಗ್ರಾಂ ತಪ್ಪಿ ಒಂದು ಲಾಟನ್ನು ಪಟ್ಟಿಯಿಂದ ಅಳಿಸಿದರೆ, ಆ ರೈತನಿಗೆ ಹಣ ಪಾವತಿಯೇ ಆಗದು! ಓದಲು ಮಾತ್ರ ಬರುವ ಪಟ್ಟಿಯನ್ನು ಕೊಡೋಣವೆಂದರೆ, ಜಾವಾ ಒದಗಿಸುವ ಅಂಥ ಪಟ್ಟಿ ಅರೇಲಿಸ್ಟ್ ಅಲ್ಲ. ಘೋಷಣೆಯನ್ನೂ ಬದಲಿಸಬೇಕು, ಮೂರು ವಿಭಾಗಗಳನ್ನೂ ತಿದ್ದಬೇಕು. ಮೊದಲೇ 'ಲಿಸ್ಟ್ ಕೊಡುತ್ತೇನೆ' ಎಂದಿದ್ದರೆ? ಮೆಥಡ್ಡಿನ ಒಳಗೆ ಒಂದು ಸಾಲು ತಿದ್ದಿದರೆ ಸಾಕಾಗುತ್ತಿತ್ತು.

ಡೇಟಾಬೇಸಿನೊಡನೆ ಮಾತನಾಡುವ ಜಾವಾದ ಏರ್ಪಾಡೂ ಹೀಗೆಯೇ. ಸಂಪರ್ಕ ಕೇಳಿದರೆ ಅದು 'ಕನೆಕ್ಷನ್' ಎಂಬ ಇಂಟರ್‌ಫೇಸನ್ನು ಕೊಡುತ್ತದೆ. ಅದರ ಹಿಂದಿರುವ ಕ್ಲಾಸನ್ನು ಒರಾಕಲ್ ಆಗಲಿ ಮೈಎಸ್‌ಕ್ಯೂಎಲ್ ಆಗಲಿ ತಮ್ಮ ತಮ್ಮ ರೀತಿಯಲ್ಲಿ ಬರೆದುಕೊಂಡಿರುತ್ತವೆ.

ಹಾಗೆಂದು ಎಲ್ಲ ಕಡೆಯೂ ಇಂಟರ್‌ಫೇಸ್ ಬೇಕೆಂದಲ್ಲ. ಒಂದು ಹೆಸರನ್ನು ಮರಳಿಸುವ ಮೆಥಡ್ 'ಸ್ಟ್ರಿಂಗ್' ಎಂದರೆ ಸಾಕು. ಕರೆಯುವವರಿಗೆ ನಿಜಕ್ಕೂ ಬೇಕಾದ ಸೌಲಭ್ಯ ಕರಾರಿನಲ್ಲಿ ಇಲ್ಲದಿದ್ದರೆ ಅದನ್ನು ಮುಚ್ಚಿಡುವುದೂ ಸರಿಯಲ್ಲ. ಇನ್ನೊಂದು ಎಚ್ಚರ: ಲಿಸ್ಟ್ ಎಂಬ ಹೆಸರು, ಪಟ್ಟಿಯನ್ನು ತಿದ್ದಬಹುದೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಓದಲು ಮಾತ್ರ ಬರುವ ಪಟ್ಟಿಯಿಂದ ಅಂಶ ಅಳಿಸಲು ಹೋದರೆ, ಪ್ರೋಗ್ರಾಂ ಓಡುವಾಗ ದೋಷ ವರದಿಯಾಗುತ್ತದೆ. ಆದಕಾರಣ ಆ ನಿಯಮವನ್ನು ವಿವರಣೆಯಲ್ಲಿ ಬರೆದಿಡಬೇಕು.

ಮಿತ್ರರೇ, ನೀವು ಬರೆದ ಯಾವುದಾದರೂ ಮೆಥಡ್ ತೆಗೆದು ನೋಡಿ. ಕರೆಯುವವರಿಗೆ ಬೇಕಾದುದಕ್ಕಿಂತ ಹೆಚ್ಚಿನ ಮಾತನ್ನು ಅದು ಕೊಟ್ಟಿದೆಯೇ? ಕೊಟ್ಟ ಮಾತು ಕಡಿಮೆಯಾದಷ್ಟೂ, ನಾಳೆ ಒಳಗಿನದನ್ನು ಉತ್ತಮಪಡಿಸುವ ಸ್ವಾತಂತ್ರ್ಯ ಹೆಚ್ಚು.